ಹಳೇಬೀಡಿನ ಕಲ್ಲು ಮತ್ತು ನಮ್ಮ ಕೈ

ಪಟ್ಟಣವಾಸಿಗಳಾದ ನಮಗೆ ಪ್ರಯಾಣವು ಈಗ ಬಹಳ ಸುಲಭವಾಗಿದೆ. ಹಿಂದಿನ ಕಾಲದಲ್ಲಿ ಹಳೇಬೀಡನ್ನು ನೋಡಬೇಕೆಂದು ಹೊರಟವರು ಅರಸೀಕೆರೆಯಲ್ಲಿಯೋ ಹಾಸನದಲ್ಲಿಯೋ ರೈಲನ್ನು ಇಳಿದು, ಅಲ್ಲಿಂದ ಮುಂದಕ್ಕೆ ಸಿಕ್ಕಿದ ವಾಹನವನ್ನು ಹತ್ತಿ, ಎರಡು ಮೂರು ದಿನಗಳನ್ನು ಈ ಯಾತ್ರೆಗೆಂದೇ ಮೀಸಲಾಗಿಡಬೇಕಾಗಿತ್ತು. ಈಗಲಾದರೋ ಬೆಳಗಿನ ಜಾವ ಬೆಂಗಳೂರನ್ನು ಬಿಟ್ಟವರು ಬೇಲೂರು ಹಳೇಬೀಡುಗಳೆರಡನ್ನೂ ನೋಡಿಕೊಂಡು ಅದೇ ರಾತ್ರಿ ಮನೆಗೆ ಹಿಂದಿರುಗಬಹುದು. 2017ರಲ್ಲಿ ಬೆಂಗಳೂರಿನಿಂದ ಶ್ರವಣಬೆಳಗೊಳದ ಮಾರ್ಗವಾಗಿ ಹಾಸನಕ್ಕೆ ನೇರವಾದ ರೈಲುದಾರಿಯೂ ತೆರೆಯಿತು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವನ್ನು ಕಣ್ಣಾರೆ ಕಾಣಬೇಕೆಂಬ ಕುತೂಹಲವು ಜನರಲ್ಲಿ ಹೆಚ್ಚುವುದು ಸಹಜವೇ ಆಗಿದೆ.

ಇದು ಸಂತೋಷದ ವಿಷಯ. ಆದರೆ ಹಳೇಬೀಡಿನ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು ಗಮನಿಸಿದರೆ ಒಂದು ಸಂಗತಿ ನಮ್ಮ ಕಣ್ಣಿಗೆ ಬೀಳುತ್ತದೆ. ನೋಡಲು ಬಂದವರಲ್ಲಿ ಅನೇಕರು ಕಣ್ಣಿನಿಂದ ಮಾತ್ರ ನೋಡುವುದಿಲ್ಲ, ಕೈಯಿಂದಲೂ ನೋಡುತ್ತಾರೆ. ಆನೆಯ ಸೊಂಡಿಲನ್ನು ಸವರುತ್ತಾರೆ, ದೇವತೆಯ ಕೊರಳಹಾರವನ್ನು ಬೆರಳಿನಿಂದ ಮುಟ್ಟುತ್ತಾರೆ, ನುಣುಪಾದ ಕಂಬಕ್ಕೆ ಬೆನ್ನು ಕೊಟ್ಟು ಚಿತ್ರ ತೆಗೆಸಿಕೊಳ್ಳುತ್ತಾರೆ. ಸುಮಾರು ಒಂಬೈನೂರು ವರ್ಷಗಳ ಮಳೆ ಬಿಸಿಲುಗಳನ್ನು ತಡೆದ ಕಲ್ಲಿಗೆ ನಮ್ಮ ಬೆರಳಿನಿಂದ ಏನಾದೀತು ಎಂದು ಯಾರಿಗಾದರೂ ತೋರಬಹುದು. ಈ ಪ್ರಶ್ನೆಗೆ ಉತ್ತರವು ಆ ಕಲ್ಲಿನ ಸ್ವಭಾವದಲ್ಲಿಯೇ ಅಡಗಿದೆ. ಅದನ್ನು ಇಲ್ಲಿ ವಿಚಾರಿಸೋಣ.

ಬಳಪದ ಕಲ್ಲು

ಹಳೇಬೀಡು ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ. ಇಲ್ಲಿಯ ಹೊಯ್ಸಳೇಶ್ವರ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ, ಅವನ ಅಧಿಕಾರಿಯಾದ ಕೇತಮಲ್ಲನ ಮುಖಾಂತರ, 1121ರ ಸುಮಾರಿನಲ್ಲಿ ಆರಂಭವಾಯಿತು. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗುಡಿಗಳು ಜೋಡಿಯಾಗಿ ನಿಂತಿರುವ ಈ ದೇವಾಲಯವನ್ನು ಕಟ್ಟಿರುವುದು ನಮ್ಮ ಜನರು ಬಳಪದ ಕಲ್ಲೆಂದು ಕರೆಯುವ ಶಿಲೆಯಿಂದ. ಒಂದಾನೊಂದು ಕಾಲದಲ್ಲಿ ನಮ್ಮ ಮಕ್ಕಳು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದ ಬಳಪವೂ ಇದೇ ಜಾತಿಯ ಕಲ್ಲಿನ ಕಡ್ಡಿಯೇ. ಸ್ಲೇಟಿಗೆ ಉಜ್ಜಿದೊಡನೆ ಸವೆದು ಬಿಳಿಯ ಗೆರೆಯನ್ನು ಬಿಡುವುದು ಬಳಪದ ಗುಣ. ಹೆಸರಿನಲ್ಲಿಯೇ ಈ ಕಲ್ಲಿನ ಗುಣವನ್ನು ನಮ್ಮ ಹಿರಿಯರು ಹೇಳಿಬಿಟ್ಟಿದ್ದಾರೆ.

ಭೂವಿಜ್ಞಾನಿಗಳು ಇದನ್ನು ರೂಪಾಂತರ ಶಿಲೆಗಳ ವರ್ಗಕ್ಕೆ ಸೇರಿಸುತ್ತಾರೆ. ಭೂಮಿಯ ಆಳದಿಂದ ಬಂದ, ಮೆಗ್ನೀಸಿಯಮ್ ಧಾತು ಹೇರಳವಾಗಿರತಕ್ಕ ಅಗ್ನಿಶಿಲೆಗಳು ಶಾಖ, ಒತ್ತಡ ಮತ್ತು ಬಿಸಿನೀರಿನ ಪ್ರಭಾವಕ್ಕೆ ಒಳಗಾಗಿ ಬಳಪದ ಕಲ್ಲಾಗಿ ಮಾರ್ಪಡುತ್ತವೆ. ನಮ್ಮ ನಾಡಿನ ಧಾರವಾಡ ವರ್ಗದ ಪದರಶಿಲೆಗಳಲ್ಲಿ ಇದು ಅಲ್ಲಲ್ಲಿ ದೊರೆಯುತ್ತದೆ. ಆ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನವು.

ಬಳಪದ ಕಲ್ಲಿನಲ್ಲಿರುವ ಮುಖ್ಯ ಖನಿಜಗಳು ಟಾಲ್ಕ್ ಮತ್ತು ಕ್ಲೋರೈಟ್. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರಿಗೆ ಆ ಹೆಸರು ಬಂದದ್ದು ಈ ಟಾಲ್ಕಿನಿಂದಲೇ. ಇದು ಮೆಗ್ನೀಸಿಯಮ್, ಸಿಲಿಕಾನ್, ಆಮ್ಲಜನಕ ಮತ್ತು ಜಲಜನಕಗಳ ಸಂಯುಕ್ತ. ಇದರ ಪರಮಾಣುಗಳು ತೆಳುವಾದ ಹಾಳೆಗಳಂತೆ ಜೋಡಣೆಗೊಂಡಿರುತ್ತವೆ. ಒಂದೊಂದು ಹಾಳೆಯೊಳಗಿನ ಬಂಧನವು ಬಲವಾದುದು. ಹಾಳೆ ಹಾಳೆಗಳ ನಡುವಣ ಬಂಧನವಾದರೋ ಬಹು ದುರ್ಬಲ. ಇಸ್ಪೀಟಿನ ಕಟ್ಟನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ನೂಕಿದರೆ ಎಲೆಗಳು ಜಾರುವಂತೆ ಈ ಹಾಳೆಗಳೂ ಜಾರುತ್ತವೆ. ಮುಟ್ಟಿದಾಗ ಸಾಬೂನಿನಂತಹ ನುಣುಪು ಕಾಣುವುದು ಈ ಕಾರಣದಿಂದ.

ಗಡಸುತನದ ಅಳತೆ

ಖನಿಜಗಳ ಗಡಸುತನವನ್ನು ಹೋಲಿಸಲು ಜರ್ಮನಿಯ ಖನಿಜವಿಜ್ಞಾನಿ ಫ್ರೀಡ್ರಿಶ್ ಮೋಸ್ ಎಂಬಾತನು 1812ರಲ್ಲಿ ಒಂದು ಸರಳವಾದ ಕ್ರಮವನ್ನು ಸೂಚಿಸಿದನು. ಯಾವುದು ಯಾವುದನ್ನು ಗೀರಬಲ್ಲದು ಎಂಬುದೇ ಇಲ್ಲಿಯ ಪರೀಕ್ಷೆ. ಹತ್ತು ಮೆಟ್ಟಿಲುಗಳ ಈ ಏಣಿಯ ತುದಿಯಲ್ಲಿ ವಜ್ರವಿದೆ. ಅದರ ಅಂಕ 10. ತೀರ ಕೆಳಗಿನ ಮೆಟ್ಟಿಲಿನಲ್ಲಿರುವುದು ಟಾಲ್ಕ್; ಅದರ ಅಂಕ 1. ಕ್ಲೋರೈಟಿನ ಅಂಕ ಸುಮಾರು 2ರಿಂದ 2.5. ನಮ್ಮ ಬೆರಳಿನ ಉಗುರಿನದು ಸುಮಾರು 2.5, ತಾಮ್ರದ ನಾಣ್ಯದ್ದು ಸುಮಾರು 3, ಸಾಧಾರಣ ಚಾಕುವಿನ ಅಲಗಿನದು ಸುಮಾರು 5.5. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಅಂಕ 7.

ಈ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ನಾಡಿನ ಶಿಲ್ಪದ ಇತಿಹಾಸವೇ ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ಬಾದಾಮಿಯ ಚಾಲುಕ್ಯರು ಕೆಲಸ ಮಾಡಿದ್ದು ಮರಳುಗಲ್ಲಿನಲ್ಲಿ. ಅದರ ಕಣಗಳು ಬೆಣಚಿನವು. ಆದಕಾರಣ ಅಲ್ಲಿ ಅತಿ ಸೂಕ್ಷ್ಮವಾದ ಕೆತ್ತನೆ ಕಷ್ಟ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ತಿರುಗಿಕೊಂಡರು. ಲಕ್ಕುಂಡಿಯ ದೇವಾಲಯಗಳ ನಯಗಾರಿಕೆಯು ಇದರ ಫಲ. ಹೊಯ್ಸಳ ಶಿಲ್ಪಿಗಳು ಇದೇ ದಾರಿಯಲ್ಲಿ ಮುಂದೆ ನಡೆದರು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮೊದಲಾದವರು ಬೇಲೂರಿನ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನೇ ಕೆತ್ತಿಟ್ಟಿದ್ದಾರೆ. ಮುಂದೆ ವಿಜಯನಗರದ ಕಾಲದಲ್ಲಿ ಹಂಪೆಯ ಗ್ರಾನೈಟು ಬಂತು. ಶಿಲ್ಪದ ಗಾತ್ರವು ಬೆಳೆಯಿತು, ಆದರೆ ಹೊಯ್ಸಳರ ಸೂಜಿಮೊನೆಯ ಕುಸುರಿಗೆ ಆ ಕಲ್ಲು ಸುಲಭವಾಗಿ ಒಗ್ಗಲಿಲ್ಲ. ಶಿಲ್ಪಿಯ ಕೈಚಳಕವು ಎಷ್ಟೇ ಇರಲಿ, ಕಲ್ಲಿನ ಗುಣವೂ ಶಿಲ್ಪದ ರೂಪವನ್ನು ನಿರ್ಣಯಿಸುತ್ತದೆ.

ಹೊಯ್ಸಳೇಶ್ವರದ ಗೋಡೆಯ ತಳಭಾಗದಲ್ಲಿ ಪಟ್ಟಿಕೆಗಳು ಒಂದರ ಮೇಲೊಂದಾಗಿ ಸಾಗುತ್ತವೆ: ಆನೆ, ಸಿಂಹ, ಬಳ್ಳಿ, ಕುದುರೆಯ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಆನೆಗಳ ಸಾಲಿನ ಉದ್ದ 710 ಅಡಿ ಎಂದು ಜೇಮ್ಸ್ ಫರ್ಗ್ಯುಸನ್ನನು ಬರೆದಿದ್ದಾನೆ. ಅಂದರೆ 200 ಮೀಟರಿಗೂ ಹೆಚ್ಚು. ಒಳಗಿನ ದುಂಡುಕಂಬಗಳನ್ನು ಲೇತ್ ಯಂತ್ರದಂತಹ ಸಾಧನದಲ್ಲಿ ತಿರುಗಿಸಿ ಕಡೆದಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಇವೆಲ್ಲವೂ ಕಲ್ಲು ಮೆತುವಾಗಿದ್ದುದರಿಂದ ಸಾಧ್ಯವಾದವು.

ನೆಲದಿಂದ ಆಗತಾನೆ ತೆಗೆದ ಬಳಪದ ಕಲ್ಲು ಮೃದುವಾಗಿದ್ದು, ಗಾಳಿಗೆ ಆರುತ್ತ ಬಂದಂತೆ ಗಟ್ಟಿಯಾಗುತ್ತದೆಂದು ಹೇಳುವುದುಂಟು. ಅದರೊಳಗಿನ ತೇವವು ಹೊರಟುಹೋದಾಗ ಕಲ್ಲು ಸ್ವಲ್ಪ ಬಿಗಿಯಾದೀತು. ಆದರೆ ಒಂದನ್ನು ಮರೆಯಕೂಡದು: ಕಲ್ಲು ಆರಿದರೂ ಟಾಲ್ಕು ಟಾಲ್ಕಾಗಿಯೇ ಇರುತ್ತದೆ, ಬೆಣಚಾಗುವುದಿಲ್ಲ. ಉಳಿಗೆ ಸುಲಭವಾಗಿ ಒಲಿದ ಕಲ್ಲು ಉಜ್ಜುವಿಕೆಗೂ ಸುಲಭವಾಗಿಯೇ ಸೋಲುತ್ತದೆ.

ಹುಳಿಗೆ ಅಂಜದು, ಕೈಗೆ ಅಂಜುವುದು

ನಮ್ಮ ಹಳೆಯ ಅಡಿಗೆಮನೆಗಳಲ್ಲಿ ಬಳಪದ ಕಲ್ಲಿನ ಮರಿಗೆಗಳಿದ್ದವು. ಉಪ್ಪಿನಕಾಯಿಯನ್ನು ಅದರಲ್ಲಿ ತುಂಬಿಡುತ್ತಿದ್ದರು, ಹುಳಿಯನ್ನು ಕುದಿಸುತ್ತಿದ್ದರು. ಹುಣಿಸೆಯ ಹುಳಿಯಾಗಲಿ ನಿಂಬೆಯ ಹುಳಿಯಾಗಲಿ ಆ ಕಲ್ಲನ್ನು ತಿನ್ನುತ್ತಿರಲಿಲ್ಲ. ರಸಾಯನಶಾಲೆಗಳ ಮೇಜಿನ ಹಾಸುಗಲ್ಲಿಗೆ ಬಳಪದ ಕಲ್ಲನ್ನು ಬಳಸುತ್ತಿದ್ದುದಕ್ಕೂ ಕಾರಣ ಇದೇ: ಆಮ್ಲಗಳು ಇದರೊಡನೆ ಸುಲಭವಾಗಿ ವರ್ತಿಸುವುದಿಲ್ಲ.

ಆಗ್ರಾದ ತಾಜಮಹಲಿನ ಅಮೃತಶಿಲೆಯ ಸಂಗತಿ ಬೇರೆ. ಅದು ಕ್ಯಾಲ್ಸಿಯಮ್ ಕಾರ್ಬೊನೇಟ್. ಹೊಗೆಯಲ್ಲಿನ ಗಂಧಕದ ಅನಿಲಗಳು ನೀರಿನೊಡನೆ ಕೂಡಿ ಆಮ್ಲವಾದರೆ ಅದನ್ನು ತಿನ್ನುತ್ತವೆ. ಅಮೃತಶಿಲೆಗೆ ಪಟ್ಟಣದ ಹೊಗೆ ದೊಡ್ಡ ಶತ್ರು. ಹಳೇಬೀಡಿನ ಕಲ್ಲಿಗೆ ಅದಕ್ಕಿಂತ ಹತ್ತಿರದ ಶತ್ರುವೆಂದರೆ ಉಜ್ಜುವಿಕೆ. ಪದರಗಳ ನಡುವೆ ನೀರು ಇಳಿಯುವುದೂ ಹಾನಿಕರವೇ. ಆದರೆ ಅದನ್ನು ತಡೆಯುವುದು ಸಂರಕ್ಷಣೆಯ ಕೆಲಸಗಾರರ ಪಾಲಿನ ಕರ್ತವ್ಯ. ಉಜ್ಜುವಿಕೆಯನ್ನು ತಡೆಯುವುದಾದರೋ ಪ್ರತಿಯೊಬ್ಬ ಪ್ರವಾಸಿಯ ಕೈಯಲ್ಲಿದೆ.

ಬೆರಳಿನ ಚರ್ಮವು ಕಲ್ಲಿಗಿಂತ ಮೆತ್ತಗಿದೆಯಲ್ಲ, ಅದು ಹೇಗೆ ಸವೆಸೀತು ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಪ್ರಯಾಣಮಾಡಿ ಬಂದ ಕೈ ಬರಿಯ ಕೈಯಲ್ಲ. ಅದಕ್ಕೆ ರಸ್ತೆಯ ಧೂಳು ಅಂಟಿಕೊಂಡಿರುತ್ತದೆ. ಧೂಳಿನಲ್ಲಿ ಬೆಣಚಿನ ಕಣಗಳಿರುತ್ತವೆ. ಅವುಗಳ ಗಡಸುತನ 7. ಆಗ ನಮ್ಮ ಅಂಗೈ ಅತಿ ನವುರಾದ ಉಪ್ಪುಕಾಗದದಂತೆ ಕೆಲಸಮಾಡುತ್ತದೆ. ಜೊತೆಗೆ ಬೆವರಿನ ಉಪ್ಪು ಮತ್ತು ಜಿಡ್ಡು ಕಲ್ಲಿಗೆ ಹತ್ತುತ್ತವೆ. ಜಿಡ್ಡಿಗೆ ಮತ್ತಷ್ಟು ಧೂಳು ಅಂಟುತ್ತದೆ. ಎಲ್ಲರೂ ಮುಟ್ಟುವ ಶಿಲ್ಪಗಳು ಕಪ್ಪಾಗಿ ಮಿರುಗುವುದು ಈ ಕಾರಣದಿಂದ. ರೋಮ್ ನಗರದ ಸಂತ ಪೀಟರನ ಕಂಚಿನ ವಿಗ್ರಹದ ಪಾದವು ಯಾತ್ರಿಕರ ಸ್ಪರ್ಶದಿಂದಲೇ ಸವೆದುಹೋಗಿದೆ. ಕಂಚಿನ ಗತಿಯೇ ಹೀಗಾದರೆ ಬಳಪದ ಕಲ್ಲಿನ ಪಾಡೇನು?

ಒಂದು ಚಿಕ್ಕ ಲೆಕ್ಕವನ್ನು ಮಾಡಿನೋಡೋಣ. ಒಂದು ಸಲ ಸವರಿದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ ಮಾತ್ರ ಸವೆಯುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕಣ್ಣಿಗೆ ಕಾಣುವುದಿರಲಿ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಅದು ಕಾಣದು. ಒಂದೇ ಜಾಗವನ್ನು ದಿನಕ್ಕೆ ಸಾವಿರ ಜನ ಸವರಿದರೆ ವರ್ಷಕ್ಕೆ 3,65,000 ಸ್ಪರ್ಶ, ಸವೆತ 0.365 ಮಿಲಿಮೀಟರ್. ಹತ್ತು ವರ್ಷಕ್ಕೆ ಮೂರೂವರೆ ಮಿಲಿಮೀಟರಿಗೂ ಹೆಚ್ಚು. ವಿಗ್ರಹದ ಕೊರಳಿನ ಸರದಲ್ಲಿ ಬಿಡಿಸಿದ ಒಂದು ಮಣಿ ಅಳಿಸಿಹೋಗಲು ಇಷ್ಟು ಸಾಕು. ಇಲ್ಲಿ ಯಾರೊಬ್ಬರೂ ಅಪರಾಧಿಯಲ್ಲ. ಎಲ್ಲರೂ ಸೇರಿ ಅಪರಾಧವಾಗುತ್ತದೆ.

ಪಟ್ಟಣದ ಅಭ್ಯಾಸವೂ ನಮ್ಮನ್ನು ಇಲ್ಲಿ ಮೋಸಗೊಳಿಸುತ್ತದೆ. ಬೆಂಗಳೂರಿನ ವಿಧಾನಸೌಧ ಗ್ರಾನೈಟಿನದು. ನಮ್ಮ ಮೆಟ್ಟಿಲುಗಳೂ ಕಟ್ಟೆಗಳೂ ಬಹುಮಟ್ಟಿಗೆ ಅದರವೇ. ಅವುಗಳಿಗೆ ಒರಗಿದರೂ ಸವರಿದರೂ ನಾವು ಕಾಣುವಂತಹ ಹಾನಿಯಿಲ್ಲ. ಕಲ್ಲೆಂದರೆ ಎಲ್ಲವೂ ಒಂದೇ ಎಂಬ ಭಾವನೆಯನ್ನು ಹೊತ್ತು ನಾವು ಹಳೇಬೀಡಿಗೆ ಹೋಗುತ್ತೇವೆ. ಅಲ್ಲಿಯಾದರೋ ಪ್ರದಕ್ಷಿಣೆ ಬರುವವರ ಕಣ್ಣಿಗೆ ಹತ್ತಿರವಾಗಿರಲೆಂದು ಬಿಡಿಸಿದ ಪಟ್ಟಿಕೆಗಳು ಮಕ್ಕಳ ಕೈಗೂ ಎಟುಕುವಂತಿವೆ.

ಬೆಳಕಿನಿಂದ ಮುಟ್ಟುವುದು

ಹಾಗಾದರೆ ಮುಟ್ಟದೆ ಅಳೆಯುವ, ಮುಟ್ಟದೆ ಉಳಿಸುವ ಉಪಾಯವಿಲ್ಲವೆ? ಉಂಟು. ಬೆಳಕೇ ಆ ಉಪಾಯ. ಹಳೇಬೀಡಿನಲ್ಲಿ ಇದರ ಆರಂಭವು ಬಹಳ ಹಿಂದಿನದು. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಆಂಗ್ಲೇಯನು 1856ರಲ್ಲಿ ಈ ದೇವಾಲಯದ ಛಾಯಾಚಿತ್ರಗಳನ್ನು ತೆಗೆದು, 1859ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಛಾಯಾಗ್ರಹಣವೇ ಇನ್ನೂ ಎಳೆಯದಾಗಿದ್ದ ಕಾಲವದು. ಅಂತಹ ಹಳೆಯ ಚಿತ್ರಗಳನ್ನು ಈಗಿನ ಗೋಡೆಯ ಪಕ್ಕದಲ್ಲಿ ಹಿಡಿದು ನೋಡುವವರಿಗೆ ಏನು ಉಳಿದಿದೆ, ಏನು ಹೋಗಿದೆ ಎಂಬುದು ತಿಳಿಯುತ್ತದೆ.

ಈಗಿನ ಉಪಕರಣಗಳು ಇನ್ನೂ ಮುಂದೆ ಹೋಗಿವೆ. ಲೇಸರ್ ಅಳತೆಯ ಯಂತ್ರವು ಗೋಡೆಯ ಕಡೆಗೆ ಬೆಳಕಿನ ಸಣ್ಣ ಮಿಡಿತವನ್ನು ಕಳುಹಿಸಿ, ಅದು ಹಿಂದಿರುಗಲು ಹಿಡಿದ ಕಾಲವನ್ನು ಅಳೆಯುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಗೋಡೆ 10 ಮೀಟರ್ ದೂರದಲ್ಲಿದ್ದರೆ ಬೆಳಕು ಹೋಗಿಬರಲು ಸೆಕೆಂಡಿನ ಒಂದೂವರೆ ಕೋಟಿಯಲ್ಲಿ ಒಂದು ಭಾಗ ಸಾಕು. ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ಈ ಕ್ರಮದಿಂದ ಗುರುತಿಸಬೇಕಾದರೆ ಸೆಕೆಂಡಿನ ಹದಿನೈದು ಸಾವಿರ ಕೋಟಿಯಲ್ಲಿ ಒಂದು ಭಾಗವನ್ನು ಅಳೆಯಬೇಕಾಗುತ್ತದೆ! ಹೀಗೆ ಕೋಟಿಗಟ್ಟಲೆ ಬಿಂದುಗಳನ್ನು ಅಳೆದು ಗಣಕಯಂತ್ರದಲ್ಲಿ ಕೂಡಿಸಿದರೆ ಗೋಡೆಯ ಉಬ್ಬುತಗ್ಗುಗಳೆಲ್ಲ ಅಂಕಿಗಳಾಗಿ ದಾಖಲೆಯಾಗುತ್ತವೆ.

ಇನ್ನೊಂದು ಕ್ರಮಕ್ಕೆ ಕ್ಯಾಮರಾ ಸಾಕು. ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನು ಎತ್ತಿ, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿ ನೋಡಿರಿ. ಬೆರಳು ಹಿಂದಣ ವಸ್ತುಗಳ ಮುಂದೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಹತ್ತಿರದ ವಸ್ತು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಹಲವು ಕಡೆಗಳಿಂದ ತೆಗೆದ ಚಿತ್ರಗಳಲ್ಲಿ ಈ ಸರಿತವನ್ನು ಲೆಕ್ಕ ಹಾಕಿ ಶಿಲ್ಪದ ಆಕಾರವನ್ನು ಗಣಕಯಂತ್ರವು ಕಟ್ಟಿಕೊಡುತ್ತದೆ. ನಮ್ಮ ಕಿಸೆಯ ಮೊಬೈಲ್ ಫೋನಿನ ಕ್ಯಾಮರಾವೂ ಇದಕ್ಕೆ ಉಪಯೋಗವಾಗಬಲ್ಲದು.

ಇಂತಹ ದಾಖಲೆಯ ಬೆಲೆ ಪ್ಯಾರಿಸ್ಸಿನಲ್ಲಿ ತಿಳಿದುಬಂತು. 2019ರ ಏಪ್ರಿಲ್ 15ರಂದು ಅಲ್ಲಿಯ ನೋತ್ರ ದಾಮ್ ಇಗರ್ಜಿಯ ಚಾವಣಿ ಸುಟ್ಟುಹೋಯಿತು. ಆಂಡ್ರೂ ಟ್ಯಾಲನ್ ಎಂಬ ವಿದ್ವಾಂಸನು ಅದಕ್ಕೆ ಕೆಲವು ವರ್ಷಗಳ ಮೊದಲೇ ಆ ಕಟ್ಟಡವನ್ನು ಲೇಸರಿನಿಂದ ಅಳೆದಿಟ್ಟಿದ್ದನು. ಪುನರ್ನಿರ್ಮಾಣಕ್ಕೆ ಆ ಅಳತೆಗಳು ನೆರವಾದವು. 2024ರ ಡಿಸೆಂಬರಿನಲ್ಲಿ ಇಗರ್ಜಿ ಮತ್ತೆ ತೆರೆಯಿತು. ಆದರೆ ದಾಖಲೆಯು ಮೂಲಕ್ಕೆ ಬದಲಾಗದು. ಸುಟ್ಟ ಚಾವಣಿಗೆ ಹೊಸ ಓಕ್ ಮರಗಳು ದೊರೆತವು. ಸವೆದ ಮಣಿಯನ್ನು ದಾಸೋಜನ ಕಾಲದ ಕೈಯಿಂದ ಮತ್ತೆ ಬಿಡಿಸಲು ಬಾರದು. ಫ್ರಾನ್ಸಿನ ಲಾಸ್ಕೋ ಗುಹೆಯ ಕಥೆ ಇದಕ್ಕೂ ಎಚ್ಚರಿಕೆಯದು. ಪ್ರವಾಸಿಗಳ ಉಸಿರಿನಿಂದಲೇ ಅಲ್ಲಿಯ ಆದಿಮಾನವರ ಚಿತ್ರಗಳು ಕೆಡತೊಡಗಿದ್ದರಿಂದ 1963ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಈಗ ಅಲ್ಲಿಗೆ ಹೋದವರು ನೋಡುವುದು ಪ್ರತಿಕೃತಿಯನ್ನು. ಹಳೇಬೀಡಿನ ಗೋಡೆಗೆ ಅಂತಹ ದಿನವು ಬರಬಾರದು.

ನೋಡುವ ಕ್ರಮ

ಸಂರಕ್ಷಿತ ಸ್ಮಾರಕಕ್ಕೆ ಹಾನಿಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು 1958ರ ಕಾಯಿದೆಯ 2010ರ ತಿದ್ದುಪಡಿಯಲ್ಲಿ ಅವಕಾಶವಿದೆ. ಆದರೆ ಕಾಯಿದೆಯ ಭಯಕ್ಕಿಂತ ತಿಳಿವಳಿಕೆಯು ಮೇಲು. ಹಳೇಬೀಡಿಗೆ ಹೋಗುವ ವಿದ್ಯಾರ್ಥಿಗಳು ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಗೋಡೆಯನ್ನು ನೋಡಲಿ. ಓರೆಯ ಬೆಳಕಿನಲ್ಲಿ ಪ್ರತಿಯೊಂದು ಗೆರೆಯೂ ತನ್ನ ನೆರಳನ್ನು ಹೊತ್ತು ಎದ್ದುನಿಲ್ಲುತ್ತದೆ. ಬೆರಳಿಗೆ ತಿಳಿಯದುದೂ ಆಗ ಕಣ್ಣಿಗೆ ತಿಳಿಯುತ್ತದೆ. ಒಂದು ಸಣ್ಣ ದುರ್ಬೀನು ಜೊತೆಯಲ್ಲಿದ್ದರೆ ಮೇಲಿನ ಸಾಲಿನ ವಿಗ್ರಹಗಳ ಕುಸುರಿಯೂ ಹತ್ತಿರವಾಗುತ್ತದೆ.

ಹೊರಡುವ ಮೊದಲು ಮನೆಯಲ್ಲಿ ಒಂದು ಪ್ರಯೋಗವನ್ನು ಮಾಡಬಹುದು. ಬಳಪದ ಕಲ್ಲಿನ ಚೂರೊಂದನ್ನು ಸಂಪಾದಿಸಿ, ಅದರ ಮೇಲೆ ಚಾಕುವಿನ ಮೊನೆಯಿಂದ ನಿಮ್ಮ ಹೆಸರಿನ ಮೊದಲಕ್ಷರವನ್ನು ಕೊರೆಯಿರಿ. ಎಷ್ಟು ಸುಲಭವಾಗಿ ಅದು ಮೂಡುವುದೆಂದು ನೋಡಿರಿ. ಅನಂತರ ಬೆರಳಿಗೆ ಸ್ವಲ್ಪ ರಸ್ತೆಯ ಧೂಳನ್ನು ಹಚ್ಚಿಕೊಂಡು ಆ ಅಕ್ಷರವನ್ನು ದಿನಕ್ಕೆ ನೂರು ಸಲದಂತೆ ಒಂದು ತಿಂಗಳು ಉಜ್ಜಿರಿ. ಅಕ್ಷರದ ಅಂಚು ಏನಾಯಿತೆಂಬುದನ್ನು ಮಸೂರದಿಂದ ಪರೀಕ್ಷಿಸಿ ಬರೆದಿಡಿರಿ. ಆಮೇಲೆ ಹಳೇಬೀಡಿನ ಆನೆಯ ಮುಂದೆ ನಿಂತಾಗ ಕೈಯನ್ನು ಎಲ್ಲಿಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.