ರವಿವಾರ ಬಾರದ ಹೊಟ್ಟೆನೋವು

ಶಾಲೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಹಾವೇರಿ ಜಿಲ್ಲೆಯವು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ತಂದೆತಾಯಿಗಳು ಕೆಮ್ಮು ನೆಗಡಿಗಿಂತ ಹೆಚ್ಚಾಗಿ ಕೇಳಿರುವುದು, ಶಾಲೆಗೆ ಹೋದ ಮಗು ಕ್ಷೇಮವಾಗಿ ಮನೆಗೆ ಬರುತ್ತದೆಯೇ ಎಂಬುದನ್ನೇ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇನೆ. ಕೆಲವರು ಹೆಸರು ಬೇಡವೆಂದು ಕೋರಿದ್ದರಿಂದ ಎಲ್ಲರ ಹೆಸರನ್ನೂ ಕೈಬಿಟ್ಟಿದ್ದೇನೆ.

ಪ್ರಶ್ನೆ: ಮಗಳು ಮೂರನೇ ತರಗತಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗಿನಿಂದ ನಮ್ಮ ಮನೆಯವರು ಆಕೆಯನ್ನು ಒಬ್ಬಳನ್ನೇ ಕಳಿಸುತ್ತಿಲ್ಲ. ಪಿ.ಬಿ. ರಸ್ತೆ ದಾಟಿದರೆ ಶಾಲೆ, ಹತ್ತು ನಿಮಿಷದ ದಾರಿ. ಹೀಗೆ ಬೆನ್ನು ಹತ್ತಿದರೆ ಹುಡುಗಿ ಅಂಜುಬುರುಕಿ ಆಗುತ್ತಾಳೇನೋ ಎಂಬ ಚಿಂತೆ ನನಗೆ.
ತಂದೆ, ಶಿಗ್ಗಾವಿ

ಉತ್ತರ: ನಿಮ್ಮ ಮನೆಯವರು ಜೊತೆಗೆ ಹೋಗುವುದು ಸರಿಯೇ, ಆದರೆ ಅವರು ಕೊಡುವ ಕಾರಣ ಸರಿಯಲ್ಲ. ಮೊದಲು ಆ ವಿಡಿಯೊ ಅಳಿಸಿ, ಯಾರಿಗೂ ಕಳಿಸಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನೆನಪಿರಬಹುದು. ಕಾರಿನಲ್ಲಿ ಬಂದಿದ್ದ ಕೆಲವು ಗೆಳೆಯರು ಹಾದಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮುಂದಿನ ಊರು ಮುಟ್ಟುವ ಮೊದಲೇ ಮಕ್ಕಳ ಕಳ್ಳರೆಂಬ ಸುದ್ದಿ ಮೊಬೈಲಿನಲ್ಲಿ ಮುಟ್ಟಿತ್ತು. ಗುಂಪು ಹೊಡೆದದ್ದಕ್ಕೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇಂಥದೇ ಸುದ್ದಿ ನಂಬಿದ ಗುಂಪು ಒಬ್ಬ ಕೂಲಿಕಾರನನ್ನು ಕೊಂದಿತ್ತು.

ನನಗೆ ಭಯವಿರುವುದು ನೀವು ಹೇಳಿದ ಪಿ.ಬಿ. ರಸ್ತೆಯದು. ಒಂಬತ್ತು ಹತ್ತು ವರ್ಷದೊಳಗಿನ ಮಗುವಿಗೆ ಲಾರಿ ಎಷ್ಟು ದೂರವಿದೆ ಎಂಬುದು ಅಂದಾಜಾಗುತ್ತದೆ, ಎಷ್ಟು ಜೋರಾಗಿ ಬರುತ್ತಿದೆ ಎಂಬುದು ಆಗುವುದಿಲ್ಲ. ಬುದ್ಧಿವಂತ ಮಗುವಾದರೂ ಅಷ್ಟೇ, ಆ ವಯಸ್ಸಿನ ಮಿದುಳಿಗೆ ಆ ಲೆಕ್ಕ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಹೆದ್ದಾರಿ ದಾಟಿಸುವವರೆಗೆ ದೊಡ್ಡವರೊಬ್ಬರು ಕೈ ಹಿಡಿದಿರಲಿ. ಆಮೇಲೆ ಓಣಿಯ ನಾಲ್ಕು ಮಕ್ಕಳ ಜೊತೆ ನಡೆದು ಹೋಗಲಿ, ಅಂಜುಬುರುಕಿ ಆಗುವುದಿಲ್ಲ.

ಇನ್ನೊಂದು ಮಾತು. ಗುರುತಿಲ್ಲದವರ ಜೊತೆ ಮಾತಾಡಬೇಡ ಎಂದು ಹೇಳಿಕೊಟ್ಟರೆ ಸಾಲದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮನೆಯವರ ನಂಬಿಕೆ ಗಳಿಸಿದವರು. ಮಾಮಾ ಇರಲಿ, ಸರ್ ಇರಲಿ, ಯಾರೇ ಆಗಲಿ ‘ಮನೆಯಲ್ಲಿ ಹೇಳಬೇಡ’ ಎಂದರೆ ಅದನ್ನೇ ಮೊದಲು ಬಂದು ಹೇಳು ಎಂದು ಕಲಿಸಿ. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಉಚಿತ. ಈ ಸಂಖ್ಯೆ ಮಗ್ಗಿಯ ಹಾಗೆ ಬಾಯಿಗೆ ಬರಲಿ.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ, ಏಳನೇ ಇಯತ್ತೆ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ಹೊಕ್ಕುಳ ಸುತ್ತ ನೋವು ಅಂತಾಳೆ. ಶಾಲೆ ತಪ್ಪಿಸಿದರೆ ಹನ್ನೊಂದು ಗಂಟೆಗೆಲ್ಲ ಆರಾಮ. ರವಿವಾರ ನೋವೇ ಇಲ್ಲ. ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆವು, ಏನೂ ಇಲ್ಲ ಅಂದರು. ನಡುವೆ ಎರಡು ಸಲ ಉರಿಮೂತ್ರಕ್ಕೆ ಔಷಧಿ ಕೊಡಿಸಿದ್ದೇವೆ. ಅವರಪ್ಪ ಇದು ಸೋಗು, ನಾಲ್ಕು ಬಿಗಿದರೆ ಸರಿಹೋಗುತ್ತದೆ ಅಂತಾರೆ.
ತಾಯಿ, ಸವಣೂರು

ಉತ್ತರ: ತಾಯಿ, ಬಿಗಿಯಬೇಡಿ. ನೋವು ನಿಜ. ರವಿವಾರ ಬರುವುದಿಲ್ಲ ಎಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದೆ. ಮನಸ್ಸು ಅಂಜಿದಾಗ ಕರುಳು ಹಿಂಡಿದಂತಾಗುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ನಾವೆಲ್ಲ ಇದನ್ನು ಉಂಡವರೇ. 1958ರಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರ ಶಾಲಾಮಕ್ಕಳನ್ನು ನೋಡಿ, ಹತ್ತರಲ್ಲಿ ಒಂದು ಮಗುವಿಗೆ ಇಂಥ ಮರುಕಳಿಸುವ ಹೊಟ್ಟೆನೋವು ಇದೆಯೆಂದು ಬರೆದರು. ನೋವು ಹೊಕ್ಕುಳಿನಿಂದ ದೂರವಾದಷ್ಟೂ ಒಳಗೆ ರೋಗವಿರುವ ಸಂಭವ ಹೆಚ್ಚು ಎಂಬುದು ಅವರ ಮಾತು. ನಾವು ಇವತ್ತಿಗೂ ಅದನ್ನು ನೆನೆದೇ ಮಕ್ಕಳ ಹೊಟ್ಟೆ ಮುಟ್ಟುತ್ತೇವೆ. ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಬಲಗಡೆ ಕೆಳಹೊಟ್ಟೆಯಲ್ಲಿ ಮುಟ್ಟಗೊಡದ ನೋವು, ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಅಂಕಣ ಪಕ್ಕಕ್ಕಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ.

ಇಲ್ಲದಿದ್ದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಮಗಳ ನೀರಿನ ಬಾಟಲಿ ಎತ್ತಿ ನೋಡಿ. ಬೆಳಿಗ್ಗೆ ತುಂಬಿಸಿದ್ದು ಹಾಗೇ ವಾಪಸು ಬಂದಿದ್ದರೆ ಅರ್ಧ ಉತ್ತರ ಸಿಕ್ಕಿದಂತೆ. ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ, ಇಲ್ಲವೇ ಬೀಗ ಹಾಕಿ ಕೀಲಿ ಮೇಷ್ಟರ ಟೇಬಲ್ಲಿನಲ್ಲಿದೆ. ಹನ್ನೆರಡರ ಹುಡುಗಿ ಗಂಡುಮಕ್ಕಳ ಎದುರು ಕೀಲಿ ಕೇಳುವುದಿಲ್ಲ, ನೀರು ಕುಡಿಯುವುದನ್ನೇ ಬಿಡುತ್ತಾಳೆ. ಆ ವಯಸ್ಸಿಗೆ ಮೂತ್ರಚೀಲ ಹಿಡಿಯುವುದು ಸುಮಾರು 400 ಮಿಲಿಲೀಟರ್. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟವಳು ಸಂಜೆ ಐದರವರೆಗೆ ತಡೆದರೆ ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ನೀರು ಕಡಿಮೆಯಾದ್ದಕ್ಕೆ ಮಲ ಗಟ್ಟಿಯಾಗಿ ಕೂರುತ್ತದೆ. ಕೂತ ಮಲ ಮೂತ್ರಚೀಲವನ್ನು ಒತ್ತುತ್ತದೆ, ಉರಿಮೂತ್ರ ಮರುಕಳಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಇದು ಯಾವುದೂ ಕಾಣಿಸದೇ ಇರಬಹುದು. ಮಗಳು ದೊಡ್ಡವಳಾಗಿದ್ದರೆ ಮುಟ್ಟಿನ ದಿನಗಳ ಪಾಡು ಬೇರೆಯೇ. ಮಕ್ಕಳಿಗೆ ನೀರು ನೆನಪಿಸಲು ಗಂಟೆ ಬಾರಿಸುವ ‘ವಾಟರ್ ಬೆಲ್’ 2019ರಲ್ಲಿ ಕೇರಳದಿಂದ ನಮ್ಮ ರಾಜ್ಯಕ್ಕೂ ಬಂತು. ಒಳ್ಳೆಯದೇ. ಶೌಚಾಲಯದ ಚಿಲಕ ಸರಿಯಿಲ್ಲದ ಕಡೆ ಎಷ್ಟು ಗಂಟೆ ಬಾರಿಸಿದರೂ ಹುಡುಗಿಯರು ಕುಡಿಯುವುದಿಲ್ಲ.

ಬಾಟಲಿ ಖಾಲಿಯಾಗಿ ಬಂದಿದ್ದರೆ? ಆಗ ಹೆದರಿಕೆಯ ಬೇರನ್ನು ಹುಡುಕಬೇಕು. ‘ಯಾರಾದರೂ ಏನಾದರೂ ಮಾಡಿದರಾ’ ಎಂದು ಎದುರು ಕೂರಿಸಿ ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುವುದು. ಸಂಜೆ ಇಬ್ಬರೂ ಕೂತು ಸೊಪ್ಪು ಸೋಸುವಾಗ ಮಾತಿಗೆ ಎಳೆಯಿರಿ. ಯಾವ ಪೀರಿಯಡ್ ಬೇಗ ಮುಗಿಯಲಿ ಅನ್ನಿಸುತ್ತದೆ, ಶಾಲೆಯಲ್ಲಿ ಯಾವ ಜಾಗಕ್ಕೆ ಹೋಗಲು ಮನಸ್ಸಿಲ್ಲ, ಬಸ್ಸಿನಲ್ಲಿ ಎಲ್ಲಿ ನಿಲ್ಲುತ್ತೀ. ಅವಳು ಹೇಳುವಾಗ ಬೈಗುಳವೂ ಬೇಡ, ಎದೆ ಬಡಿದುಕೊಳ್ಳುವುದೂ ಬೇಡ. ಮಗ್ಗಿ ಬರಲಿಲ್ಲವೆಂದು ಹೊಡೆಯುವ ಶಿಕ್ಷಕರಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮನಸ್ಸು ನೋಯಿಸುವ ಶಿಕ್ಷೆಯನ್ನೂ ನಿಷೇಧಿಸಿದೆ. ನಾವೆಲ್ಲ ಏಟು ತಿಂದೇ ಕಲಿತೆವು ಎನ್ನುವ ಅಪ್ಪಂದಿರಿಗೆ ಒಂದೇ ಮಾತು: ಏಟು ತಿಂದು ಶಾಲೆ ಬಿಟ್ಟ ನಿಮ್ಮ ಜೊತೆಯವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಯಾರಾದರೂ ಮೈಮುಟ್ಟಿ ಕಿರುಕುಳ ಕೊಟ್ಟಿದ್ದಾರೆ ಎಂದರೆ ಅದು ಊರ ಹಿರಿಯರು ಕೂತು ಬಗೆಹರಿಸುವ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ನಾನೂ, ಮುಖ್ಯೋಪಾಧ್ಯಾಯರೂ ಅದಕ್ಕೆ ಹೊರತಲ್ಲ. ಎರಡು ಸಲ ಉರಿಮೂತ್ರ ಬಂದಿದೆಯೆಂದು ನೀವು ಬರೆದಿರುವುದರಿಂದ ಇದನ್ನೂ ಬಾಯಿಬಿಟ್ಟು ಹೇಳುತ್ತಿದ್ದೇನೆ. ಹೆಚ್ಚಿನ ಸಲ ಕಾರಣ ನೀರು ಮತ್ತು ಶೌಚಾಲಯವೇ. ಆದರೂ ಮಹಿಳಾ ವೈದ್ಯರೊಬ್ಬರು ಮಗಳ ಜೊತೆ ಒಬ್ಬರೇ ಮಾತಾಡಲಿ, ಮೂತ್ರದ ಕಲ್ಚರ್ ಪರೀಕ್ಷೆಯೂ ಆಗಲಿ.

ಅಪಾಯವೇನೂ ಇಲ್ಲವೆಂದು ಖಾತ್ರಿಯಾದರೆ ನೋವಿದ್ದರೂ ಶಾಲೆಗೆ ಕಳಿಸಿ. ಮನೆಯಲ್ಲಿ ಕಳೆದ ಪ್ರತಿ ದಿನವೂ ಮರುದಿನದ ಹೊಸ್ತಿಲನ್ನು ಇನ್ನಷ್ಟು ಎತ್ತರ ಮಾಡುತ್ತದೆ. ಚಿಲಕದ ವಿಷಯವನ್ನು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ನೀವೇ ಎತ್ತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದರ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಬಹಳ ಕಡೆ ಆಗಸ್ಟ್ 15ರ ಬೂಂದಿಗಷ್ಟೇ ಅವರ ನೆನಪಾಗುತ್ತದೆ ಎಂಬುದು ಬೇರೆ ಮಾತು.

ಪ್ರಶ್ನೆ: ಬಿಸಿಯೂಟದಲ್ಲಿ ಹಲ್ಲಿ ಬಿದ್ದ ಸುದ್ದಿ ಓದಿದ ಮೇಲೆ ಮಗನಿಗೆ ಮನೆಯಿಂದಲೇ ಡಬ್ಬಿ ಕಟ್ಟುತ್ತಿದ್ದೇನೆ. ಅವನಿಗೆ ಎಲ್ಲರ ಜೊತೆ ಉಣ್ಣುವ ಆಸೆ. ಹಲ್ಲಿಯ ವಿಷಕ್ಕೆ ಔಷಧಿ ಇದೆಯೇ?
ತಾಯಿ, ಹಿರೇಕೆರೂರು

ಉತ್ತರ: ನಮ್ಮ ಮನೆಗೋಡೆಯ ಹಲ್ಲಿಗೆ ವಿಷವೇ ಇಲ್ಲ. ಅದರ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಚೆನ್ನಾಗಿ ಕುದಿದರೆ ಅದು ಸಾಯುತ್ತದೆ. ಕುದಿದ ಮೇಲೆ ಬಿದ್ದರೆ ತೊಂದರೆ, ಹಾಗಾಗಿ ಮುಚ್ಚಳ ಮುಖ್ಯ. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯದೇ ರಾಣೆಬೆನ್ನೂರು ತಾಲ್ಲೂಕಿನ ವೆಂಕಟಾಪುರ ತಾಂಡಾದ ಶಾಲೆಯಲ್ಲಿ ಊಟದಲ್ಲಿ ಸತ್ತ ಹಲ್ಲಿ ಕಂಡು ಸುಮಾರು 80 ಮಕ್ಕಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಇಂಥ ಕಡೆಗಳಲ್ಲಿ ಒಂದು ಮಗು ವಾಂತಿ ಮಾಡಿದರೆ ನೋಡಿದ ಇನ್ನೊಂದು ಮಗುವಿಗೂ ಬರುತ್ತದೆ. ಹೆದರಿಕೆಯ ವಾಂತಿ ಯಾವುದು, ಊಟದ್ದು ಯಾವುದು ಎಂದು ಅಂಗಳದಲ್ಲಿ ನಿಂತು ವಿಂಗಡಿಸಲಾಗದು. ಎಲ್ಲರನ್ನೂ ಆಸ್ಪತ್ರೆಗೆ ಒಯ್ಯುವುದೇ ಸರಿ. ಓಆರ್‌ಎಸ್ ಗುಟುಕು ಗುಟುಕಾಗಿ ಕೊಡುತ್ತಿರಿ.

ಹಲ್ಲಿಗಿಂತ ನಾನು ಅಂಜುವುದು ಹೊಲದ ಔಷಧಿಯ ಡಬ್ಬಿಗೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ಎಣ್ಣೆ ಸರಿಯಿಲ್ಲ ಎಂಬ ಅಡುಗೆಯಾಕೆಯ ಮಾತು ಲೆಕ್ಕಕ್ಕೆ ಬರಲಿಲ್ಲ. ಹತ್ತಿ, ಗೋವಿನಜೋಳ ಬೆಳೆಯುವ ನಿಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಿ ಇಲ್ಲದ ಮನೆ ಕಡಿಮೆ. ಖಾಲಿ ಡಬ್ಬಿಯನ್ನು ತೊಳೆದು ನೀರಿಗೋ ಸೀಮೆಎಣ್ಣೆಗೋ ಬಳಸುವ ರೂಢಿ ಬಿಡಿ, ತೂತು ಹೊಡೆದು ಎಸೆಯಿರಿ. ಔಷಧಿ ಮೈಗೋ ಹೊಟ್ಟೆಗೋ ಸೇರಿದ ಮಗುವಿನ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಟ್ಟೆ ಬಿಚ್ಚಿ, ಮೈ ಸೋಪು ಹಚ್ಚಿ ತೊಳೆದು, ಆಸ್ಪತ್ರೆಗೆ ಕರೆತನ್ನಿ, ಔಷಧಿಯ ಡಬ್ಬಿಯನ್ನೂ ಜೊತೆಗೆ ತನ್ನಿ.

ಡಬ್ಬಿ ಕಟ್ಟುವುದು ಬಿಟ್ಟು ಒಂದು ದಿನ ಮಧ್ಯಾಹ್ನ ಶಾಲೆಗೆ ಹೋಗಿ ಅಡುಗೆಮನೆ ನೋಡಿ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಉಂಡು ನೋಡಬೇಕೆಂಬ ನಿಯಮವಿದೆ. ಅದು ನಡೆಯುತ್ತಿದ್ದರೆ ಹುಡುಗ ಗೆಳೆಯರ ಜೊತೆ ಉಣ್ಣಲಿ.

ಪ್ರಶ್ನೆ: ನಮ್ಮೂರ ಶಾಲೆ ಗದ್ದೆಯ ಅಂಚಿಗಿದೆ. ಹೋದ ಮಳೆಗಾಲ ತರಗತಿಯಲ್ಲೇ ಹಾವು ಕಾಣಿಸಿತ್ತು. ದಾರಿಯಲ್ಲಿ ಕೆರೆ, ಕೃಷಿಹೊಂಡ ಬೇರೆ. ಯಾವುದಕ್ಕೆಂದು ಅಂಜುವುದು?
ಅಜ್ಜ, ಹಾನಗಲ್

ಉತ್ತರ: ಎರಡಕ್ಕೂ ಅಂಜಬೇಕು ಅಜ್ಜಾರ, ಹೊಂಡಕ್ಕೆ ತುಸು ಹೆಚ್ಚು. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯಲ್ಲಿ ನೆಲದ ಬಿಲದಿಂದ ಬಂದ ಹಾವು ಐದನೇ ತರಗತಿಯ ಹುಡುಗಿಗೆ ಕಚ್ಚಿತು. ಹೇಳಿದರೂ ಕೂಡಲೇ ಆಸ್ಪತ್ರೆಗೆ ಒಯ್ಯಲಿಲ್ಲ ಎಂದು ಜೊತೆಯ ಮಕ್ಕಳೇ ದೂರಿದರು. ಮಗು ಉಳಿಯಲಿಲ್ಲ. ಬಿಲ ಮುಚ್ಚುವುದಕ್ಕೆ ಒಂದು ಪುಟ್ಟಿ ಸಿಮೆಂಟು ಸಾಕು, ಅದಕ್ಕೆ ಅನುದಾನ ಕಾಯಬೇಕಿಲ್ಲ. ಕಟ್ಟುಹಾವು ಕಚ್ಚಿದರೆ ಗುರುತೂ ಕಾಣದು, ಅಷ್ಟಾಗಿ ನೋವೂ ಇರದು. ಕೆಲ ಹೊತ್ತಿಗೆ ರೆಪ್ಪೆ ಜೋತು ಬೀಳುತ್ತದೆ. ಹಾಗಾಗಿ ಏನೋ ಕಚ್ಚಿತು ಎಂದು ಮಗು ಹೇಳಿದರೆ ನಂಬಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ನಾಟಿ ಔಷಧಿಗೆ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ಮಗುವನ್ನು ನಡೆಸದೆ ಎತ್ತಿಕೊಂಡು, 108ಕ್ಕೆ ಕರೆ ಮಾಡಿ ಇಲ್ಲವೇ ಸಿಕ್ಕ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಬನ್ನಿ. ವಿಷಕ್ಕೆ ಮದ್ದು ಎಎಸ್‌ವಿ ಚುಚ್ಚುಮದ್ದೊಂದೇ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿದೆ.

ಕೃಷಿಹೊಂಡ ಹೊಲಕ್ಕೆ ಒಳ್ಳೆಯದು, ಮಕ್ಕಳಿಗೆ ಕೆಟ್ಟದು. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಈಜು ಬಲ್ಲವರಿಗೂ ಮೇಲೆ ಹತ್ತಲು ಹಿಡಿತ ಸಿಗದು. ಮುಳುಗುವ ಮಗು ಕೂಗುವುದಿಲ್ಲ, ಬಾಯಿ ನೀರಿನಲ್ಲಿರುತ್ತದೆ. ಸುತ್ತ ಬೇಲಿ ಹಾಕಿಸಿ. ನಾಲ್ಕೂ ಬದಿಗೆ ಗೂಟ ನೆಟ್ಟು ಗಂಟು ಹಾಕಿದ ಹಗ್ಗ ಒಳಕ್ಕೆ ಇಳಿಬಿಡಿ. ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ, ಹೋಗುವುದು ಹೊತ್ತು ಮಾತ್ರ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಿ, ಆಮೇಲೆ ಎದೆ ಒತ್ತಿ. ಇದನ್ನು ಓದಿ ಕಲಿಯಲಾಗದು. ನಿಮ್ಮೂರ ಶಾಲೆಗೆ ವರ್ಷಕ್ಕೊಮ್ಮೆ ಮಕ್ಕಳ ತಪಾಸಣೆಗೆ ಆರ್‌ಬಿಎಸ್‌ಕೆ ವೈದ್ಯರ ತಂಡ ಬರುತ್ತದೆ. ಆ ದಿನ ಶಿಕ್ಷಕರಿಗೂ ಊರ ಹುಡುಗರಿಗೂ ಮಾಡಿ ತೋರಿಸಿ ಎಂದು ಕೇಳಿ.

ಪ್ರಶ್ನೆ: ಆರನೇ ತರಗತಿಯ ಮಗನಿಗೆ ಹೆಗಲುನೋವು. ಬ್ಯಾಗು ಕಾರಣವೇ?
ತಂದೆ, ಬಂಕಾಪುರ

ಉತ್ತರ: ಇರಬಹುದು, ತೂಗಿ ನೋಡಿ. ಮಗುವಿನ ತೂಕದ ಹತ್ತನೇ ಒಂದು ಪಾಲಿಗಿಂತ ಬ್ಯಾಗು ಭಾರವಿರಬಾರದು. ರಾಜ್ಯ ಶಿಕ್ಷಣ ಇಲಾಖೆ 2019ರಲ್ಲಿ ಆರರಿಂದ ಎಂಟನೇ ತರಗತಿಗೆ 3ರಿಂದ 4 ಕಿಲೊ, ಒಂದು ಎರಡನೇ ತರಗತಿಗೆ ಒಂದೂವರೆಯಿಂದ 2 ಕಿಲೊ ಎಂದು ಮಿತಿ ಹಾಕಿದೆ. ಎರಡೂ ಹೆಗಲಿಗೆ ಪಟ್ಟಿ ಹಾಕಿಕೊಳ್ಳಲಿ, ಬ್ಯಾಗು ಸೊಂಟದ ಕೆಳಗೆ ಜೋಲದಿರಲಿ. ಭಾರ ಇಳಿಸಿ ಎರಡು ವಾರವಾದರೂ ನೋವು ಹೋಗದಿದ್ದರೆ, ಇಲ್ಲವೇ ರಾತ್ರಿ ನೋವು ಬಂದರೆ, ಕರೆದುಕೊಂಡು ಬನ್ನಿ.