‘ಕಾಲ್ತುಳಿತ’ ಎಂಬ ಪದ ಮತ್ತು ಒಂದು ಸರಳ ಲೆಕ್ಕ

ತುಲಾ ಸಂಕ್ರಮಣದ ದಿನ ತಲಕಾವೇರಿಯ ಬ್ರಹ್ಮಕುಂಡಿಕೆ ಹತ್ತಿರ ನಿಂತವರಿಗೆ ಇದು ಗೊತ್ತು. ತೀರ್ಥೋದ್ಭವಕ್ಕೆ ಕಾಯುವಷ್ಟು ಹೊತ್ತು ಯಾರಿಗೂ ಅವಸರವಿಲ್ಲ. ಆ ಗಳಿಗೆ ಬಂತೋ, ಎಲ್ಲರಿಗೂ ಒಂದೇ ಸಲ ತೀರ್ಥ ಬೇಕು. ಆಮೇಲೆ ಎಲ್ಲರೂ ಒಂದೇ ಸಲ ಭಾಗಮಂಡಲಕ್ಕೆ ಇಳಿಯಬೇಕು. ಕೆಲವು ವರ್ಷ ಇದು ನಡುರಾತ್ರಿಯಲ್ಲಿ.

ಇಂಥದ್ದೇ ಒಂದು ಗಳಿಗೆ ಈ ಸಲದ ನಮ್ಮ ಪಾಠ. ಜಾಗ ಕೇರಳದ್ದು, ಆದರೆ ದೂರದ್ದೇನಲ್ಲ. ಮಾಲೆ ಹಾಕಿ ಮಾಕುಟ್ಟ ದಾಟಿ ಶಬರಿಮಲೆಗೆ ಹೋಗುವವರು ನಮ್ಮೂರುಗಳಲ್ಲೂ ಇದ್ದಾರೆ.

2011ರ ಜನವರಿ 14ರ ರಾತ್ರಿ. ಇಡುಕ್ಕಿ ಜಿಲ್ಲೆಯ ಪುಲ್ಲುಮೇಡಿನಲ್ಲಿ ಮಕರಜ್ಯೋತಿ ನೋಡಿದ ಜನ ಕಾಡುದಾರಿಯಲ್ಲಿ ವಾಪಸ್ ಹೊರಟಿದ್ದರು. ಸರಿಯಾದ ಬೆಳಕಿಲ್ಲ. ದಾರಿಯಲ್ಲಿ ವಾಹನಗಳು ಬೇರೆ. ಸತ್ತವರು ನೂರಕ್ಕೂ ಹೆಚ್ಚು. ಹೆಚ್ಚಿನವರು ತಮಿಳುನಾಡು, ಕರ್ನಾಟಕ, ಆಂಧ್ರದವರು. ಜೀಪೊಂದು ಮಗುಚಿ ಗಾಬರಿ ಹುಟ್ಟಿತು ಅನ್ನೋದು ಮೊದಲ ಸುದ್ದಿ.

ಈಗ ಲೆಕ್ಕಕ್ಕೆ ಬರೋಣ. ಜನ ಸರಾಗವಾಗಿ ನಡೆದರೆ ಒಂದು ಮೀಟರ್ ಅಗಲದ ದಾರಿಯಲ್ಲಿ ಸೆಕೆಂಡಿಗೆ ಸುಮಾರು 1.3 ಮಂದಿ ದಾಟಬಹುದು. ದಾರಿ 3 ಮೀಟರ್ ಅಂತ ಇಟ್ಟುಕೊಳ್ಳಿ: ಗಂಟೆಗೆ 14 ಸಾವಿರ. ಒಂದು ಲಕ್ಷ ಜನ ಹೊರಬೀಳಲು 7 ಗಂಟೆ. ವಾಹನಗಳು ನಿಂತು ಅರ್ಧ ದಾರಿ ತಿಂದವೋ, 14 ಗಂಟೆ. ಆದರೆ ಜ್ಯೋತಿ ನೋಡಿದವರೆಲ್ಲ ಹೊರಡೋದು ಅದೇ ಅರ್ಧ ಗಂಟೆಯಲ್ಲಿ. ಜೀಪು ಮಗುಚದಿದ್ದರೂ ಈ ಲೆಕ್ಕ ಕೂಡಿಬರೋದಿಲ್ಲ.

ಕೂಡಿಬರದಿದ್ದಾಗ ಏರೋದು ಸಾಂದ್ರತೆ. ಚದರ ಮೀಟರಿಗೆ ನಾಲ್ಕೈದು ಜನ ಅಂದರೇ ಎಚ್ಚರಿಕೆ. ಏಳರ ಹತ್ತಿರ ಹೋದರೆ ಗುಂಪು ದ್ರವದಂತೆ ವರ್ತಿಸುತ್ತೆ ಎಂದು ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ 1993ರಲ್ಲೇ ಬರೆದಿದ್ದಾರೆ. ಹಿಂದೆ ಒಬ್ಬರು ವಾಲಿದರೆ ಆ ಒತ್ತಡ ಅಲೆಯಾಗಿ ಮುಂದಕ್ಕೆ ಸಾಗುತ್ತೆ, ಕಬ್ಬಿಣದ ಕಂಬಿ ಬಾಗುವಷ್ಟು. ಮುಂದೆ ಬಿದ್ದವರು ಹಿಂದಿನವರಿಗೆ ಕಾಣೋದೇ ಇಲ್ಲ. ಇಂಥ ಕಡೆ ಬಹುತೇಕರು ಸಾಯೋದು ಎದೆ ಅಮುಕಿ ಉಸಿರು ಕಟ್ಟಿ, ಕೆಲವರು ನಿಂತಲ್ಲೇ. ನಾವು ಮಾತ್ರ ಇದಕ್ಕೆ ‘ಕಾಲ್ತುಳಿತ’ ಅಂತೀವಿ. ಕಾಲು ಯಾರದ್ದು? ಜನರದ್ದು. ಹಾಗಾಗಿ ತಪ್ಪೂ ಜನರದ್ದೇ! ಪ್ರಕಟಣೆಗಳಲ್ಲಿ ಬರುವ ‘ನೂಕುನುಗ್ಗಲು’ ಕೂಡ ಇದೇ ಜಾತಿಯ ಪದ. ‘ದಾರಿ ಸಾಲಲಿಲ್ಲ’ ಅನ್ನೋದಕ್ಕೆ ನಮ್ಮಲ್ಲಿ ಒಂದು ಪದವಿಲ್ಲ ನೋಡಿ.

ಪುಲ್ಲುಮೇಡಿನ ನಂತರ ಸರ್ಕಾರ ಏನೂ ಮಾಡಲಿಲ್ಲ ಅಂದರೆ ಅನ್ಯಾಯವಾದೀತು. ಕೇರಳ ಸರ್ಕಾರ ಶೋಕಾಚರಣೆ ಘೋಷಿಸಿತು, ಮೃತರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿತು. ಪ್ರಧಾನಿ ನಿಧಿಯಿಂದ 1 ಲಕ್ಷ. ನ್ಯಾಯಮೂರ್ತಿ ಹರಿಹರನ್ ನಾಯರ್ ಆಯೋಗ ಬಂತು. ದರ್ಶನಕ್ಕೆ ಮೊದಲೇ ಹೊತ್ತು ಕಾಯ್ದಿರಿಸುವ ‘ವರ್ಚುವಲ್ ಕ್ಯೂ’ವನ್ನು ಕೇರಳ ಪೊಲೀಸರು ಶುರು ಮಾಡಿದ್ದೂ ಅದೇ ವರ್ಷ. ಇದು ನಮಗೆ ನಿಜಕ್ಕೂ ಇಷ್ಟವಾದ ಕೆಲಸ, ಯಾಕಂದ್ರೆ ಲೆಕ್ಕದಲ್ಲಿರುವ ಸಮಯವನ್ನೇ ಅದು ಹಿಗ್ಗಿಸುತ್ತೆ. ಆದರೆ ಅದು ದರ್ಶನದ ಸಾಲಿಗೆ. ಜ್ಯೋತಿಯ ಗಳಿಗೆಗೆ ಸ್ಲಾಟ್ ಕೊಡೋಕಾಗಲ್ಲ.

ನಮ್ಮನ್ನು ಕಾಡಿದ್ದು ಬೇರೆ ಒಂದು ತಾರೀಕು. 1999, ಅದೂ ಜನವರಿ 14. ಪಂಪಾದ ಹಿಲ್‌ಟಾಪ್‌ನಲ್ಲಿ ಜ್ಯೋತಿ ನೋಡಲು ಜನ ನಿಂತಿದ್ದ ದಿಬ್ಬ ಕುಸಿದು 50ಕ್ಕೂ ಹೆಚ್ಚು ಜನ ತೀರಿಕೊಂಡರು. ಆಗಲೂ ನ್ಯಾಯಮೂರ್ತಿ ಚಂದ್ರಶೇಖರ ಮೆನನ್ ಆಯೋಗ ಕೂತಿತ್ತು, ವರದಿಯೂ ಬಂತು. ಹನ್ನೆರಡು ವರ್ಷವಾದ ಮೇಲೆ ಅದೇ ಜ್ಯೋತಿ, ಅದೇ ದಿನ, ಬೇರೆ ಬೆಟ್ಟ. ‘ಇಲ್ಲಿ ಏನಾಯ್ತು’ ಅನ್ನೋದನ್ನು ಆಯೋಗಗಳು ಹುಡುಕುತ್ತವೆ; ‘ಇನ್ನೆಲ್ಲಿ ಹೀಗಾಗಬಹುದು’ ಅಂತ ಎಲ್ಲ ಬೆಟ್ಟಗಳನ್ನೂ ಅಳೆಯುವ ಕೆಲಸ ಯಾರ ಟೇಬಲ್ಲಿಗೂ ಹೋಗಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತಾಗಲೂ ಪರಿಹಾರ, ಅಮಾನತು, ಆಯೋಗ ಅದೇ ಕ್ರಮದಲ್ಲಿ ಬಂದವು. ಪದವೂ ಅದೇ, ಕಾಲ್ತುಳಿತ.

ಮುಂದಿನ ಸಂಕ್ರಮಣಕ್ಕೆ ನಮ್ಮಲ್ಲಿ ಸಿವಿಲ್ ಓದುವವರು ತಲಕಾವೇರಿಗೆ ಹೋದಾಗ, ಜಾತ್ರೆಗೆ ಮೊದಲಿನ ಖಾಲಿ ದಿನದಲ್ಲಿ, ಕೊಳದಿಂದ ಕೆಳಗಿಳಿಯುವ ಮೆಟ್ಟಿಲುಗಳ ಅಗಲ ಅಳೆದು ತನ್ನಿ. ಅತಿ ಕಿರಿದಾದ ಜಾಗದ್ದು ಮಾತ್ರ ಸಾಕು. ಉಳಿದ ಲೆಕ್ಕವನ್ನು ಇಲ್ಲೇ ಕೂತು ಮಾಡೋಣ.