ತಪ್ಪು ಮ್ಯಾಗ್ನೆಟ್ ಕೊಂಡಿಯದಲ್ಲ

ಸರಕ್ಕೆ ಮ್ಯಾಗ್ನೆಟ್ ಕೊಂಡಿ ಹಾಕಿಸಿಕೊಂಡಿದ್ದೇನೆ ಅಂದರೆ ಸಾಕು, ಎದುರಿಗಿರುವ ಹೆಂಗಸರ ಕೈ ತಾನಾಗಿ ಅವರವರ ಕತ್ತಿಗೆ ಹೋಗುತ್ತದೆ. ‘ಬಿದ್ದುಹೋಗಲ್ವಾ?’ ಎಂಬುದು ಮೊದಲ ಪ್ರಶ್ನೆ. ‘ಮ್ಯಾಗ್ನೆಟ್ ಅಂಟುತ್ತೆ ಅಂದ್ರೆ ಅದು ಚಿನ್ನವೇನಾ?’ ಎಂಬುದು ಎರಡನೆಯದು. ಹಾಸನದಲ್ಲಿ ನಾದಿನಿಯ ಮಗನ ಮನೆ ಗೃಹಪ್ರವೇಶದಲ್ಲಿ ನಡೆದದ್ದು ನೆಂಟರ ಬಾಯಿಂದ ಬಾಯಿಗೆ ದಾಟಿ, ನನ್ನ ಸರ ಕಳ್ಳತನವಾಗಿತ್ತು ಎಂಬಲ್ಲಿಗೆ ಬಂದು ನಿಂತಿದೆ. ಕಳ್ಳತನ ಆಗಿರಲಿಲ್ಲ. ಅಷ್ಟನ್ನು ಹೇಳದಿದ್ದರೆ ಒಬ್ಬ ಹುಡುಗಿಗೆ ಅನ್ಯಾಯವಾಗುತ್ತದೆ.

ನನಗೆ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳು ಮಡಚುವುದಿಲ್ಲ. ಕಾಫಿ ಲೋಟವನ್ನು ಅಂಗೈಗಳ ನಡುವೆ ಒತ್ತಿ ಹಿಡಿಯಬೇಕು. ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವಳು ನಾನು, ಮಕ್ಕಳಿಗೆ ಕಾಜಾ ಹೊಲಿಯುವುದನ್ನು ಕಲಿಸಿದ ಬೆರಳುಗಳಿವು. ಸರದ ಕೊಂಡಿಯ ಚುಕ್ಕಿಯಷ್ಟು ಮೊಳೆಯನ್ನು ಉಗುರಿನಿಂದ ಹಿಂದಕ್ಕೆ ಎಳೆದು, ಆ ಕಡೆಯ ಬಳೆಯನ್ನು ಹುಡುಕಿ ಸಿಕ್ಕಿಸುವುದು, ಅದೂ ಕತ್ತಿನ ಹಿಂದೆ ಕಾಣದ ಜಾಗದಲ್ಲಿ, ಆಗದ ಕೆಲಸ. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಪ್ರಯತ್ನಪಟ್ಟರೆ ನನ್ನ ಜಡೆಯ ಕೂದಲೇ ಕೊಂಡಿಗೆ ಸಿಕ್ಕಿಕೊಳ್ಳುತ್ತಿತ್ತು. ನಾದಿನಿ ಬಂದಾಗ ಹಾಕಿಕೊಡುತ್ತಿದ್ದಳು, ಇಲ್ಲ ಅನ್ನುವುದಿಲ್ಲ. ಆದರೆ ಹಾಕುತ್ತಾ, ‘ಈ ವಯಸ್ಸಿಗೆ ಇಷ್ಟೆಲ್ಲ ಯಾಕೆ ಅತ್ತಿಗೆ, ಒಂದೆಳೆ ಸಾಕಲ್ವಾ’ ಅನ್ನದೆ ಇರುತ್ತಿರಲಿಲ್ಲ. ಬೆನ್ನು ಕೊಟ್ಟು ತಲೆ ಬಗ್ಗಿಸಿ ನಿಂತವಳು ಏನಂತ ಉತ್ತರ ಕೊಟ್ಟಾಳು?

ಹಾಗಾಗಿ ಮ್ಯಾಗ್ನೆಟ್. ಸರ ಕತ್ತರಿಸುವುದೂ ಬೇಡ, ಬೆಸೆಯುವುದೂ ಬೇಡ. ಹಳೆಯ ಕೊಂಡಿ, ಬಳೆಗಳಿಗೇ ಸಿಕ್ಕಿಸುವ ಜೋಡಿ ತುಂಡುಗಳು ಸಿಗುತ್ತವೆ. ಎರಡು ತುದಿಯನ್ನೂ ಹಿಂದೆ ತಂದರೆ ಸಾಕು, ಟಕ್ಕನೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೊದಲ ದಿನ ಅಮ್ಮನ ಎರಡೆಳೆಯ ಹವಳದ ಸರವನ್ನು ನಾನೇ ಹಾಕಿಕೊಂಡು, ನಾನೇ ತೆಗೆದು, ಮತ್ತೆ ಹಾಕಿಕೊಂಡೆ. ಅಂಗಡಿಯವನನ್ನು ‘ಇಷ್ಟೇ ಸಾಕೇನಪ್ಪಾ, ಹವಳ ಭಾರ ಇದೆ’ ಎಂದು ಕೇಳಿದ್ದೆ. ‘ಏನೂ ಆಗಲ್ಲ ಮೇಡಂ, ಎಳೆದು ನೋಡಿ’ ಅಂದ. ಎಳೆದೆ, ಬಿಡಲಿಲ್ಲ. ನೇರಕ್ಕೆ ಎಳೆದರೆ ಬಿಡದ ಮ್ಯಾಗ್ನೆಟ್ ಪಕ್ಕಕ್ಕೆ ಜಾರಿಸಿದರೆ ಸಲೀಸಾಗಿ ಬಿಡುತ್ತದೆ ಎಂಬುದನ್ನು ಅವನು ಹೇಳಬೇಕಿತ್ತು. ಮಾರುವವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ!

ಗೃಹಪ್ರವೇಶಕ್ಕೆ ಬೀದಿಗೇ ಶಾಮಿಯಾನ ಹಾಕಿಸಿದ್ದರು. ಹೋಳಿಗೆ ಊಟ. ಉಂಡ ಮೇಲೆ ನೆರಳಿನಲ್ಲಿ ಒಂದು ಕುರ್ಚಿ ಹಿಡಿದು ಕೂತೆ. ಬೆನ್ನಿಗೆ ಅಡ್ಡ ತಗಡು ಇರುವ ಕಬ್ಬಿಣದ ಮಡಚುವ ಕುರ್ಚಿ, ಬಾಡಿಗೆಯದು. ನಾನು ಕುಳ್ಳಿ. ಜಾರಿ ಕೂತರೆ ಆ ತಗಡಿನ ಅಂಚು ಸರಿಯಾಗಿ ನನ್ನ ಕುತ್ತಿಗೆಯ ಬುಡಕ್ಕೆ ಬರುತ್ತದೆ. ಒಂದು ಜೊಂಪು ಹತ್ತಿತು. ‘ಅತ್ತಿಗೆ, ತಾಂಬೂಲ ತಗೊಳ್ಳಿ ಬನ್ನಿ’ ಎಂದು ಕೂಗಿದಾಗ ಎದ್ದು ಒಳಗೆ ಹೋದೆ. ಕುಂಕುಮ ಇಡಲು ಬಂದ ಸೊಸೆ, ‘ದೊಡ್ಡಮ್ಮಾ, ಹವಳದ ಸರ ತೆಗೆದಿಟ್ರಾ?’ ಅಂದಳು.

ಕತ್ತು ಮುಟ್ಟಿಕೊಂಡೆ. ಕರಿಮಣಿ ಇತ್ತು, ಇದು ಇರಲಿಲ್ಲ.

ಆಮೇಲಿನದನ್ನು ಹೇಗೆ ಬರೆಯಲಿ. ಸೆರಗು ಕೊಡವಿದೆ, ನೆರಿಗೆ ಕೊಡವಿದೆ, ಬಚ್ಚಲಿಗೆ ಹೋಗಿ ರವಿಕೆಯೊಳಗೆಲ್ಲ ನೋಡಿಕೊಂಡೆ. ಯಾರೋ ‘ಎಲೆಯಲ್ಲಿ ಬಿದ್ದಿರಬಹುದು’ ಅಂದರು. ನಾದಿನಿಯ ಮಗ, ಹೊಸ ಪಂಚೆ ಮೇಲಕ್ಕೆ ಕಟ್ಟಿ, ಎಂಜಲೆಲೆಯ ಡ್ರಮ್ಮನ್ನು ಬೀದಿಯಲ್ಲೇ ಮಗುಚಿದ. ಸಾರು, ಮಜ್ಜಿಗೆ, ಜಗಿದ ನುಗ್ಗೆಕಾಯಿ, ಅರ್ಧ ತಿಂದ ಹೋಳಿಗೆ. ಹುಡುಗರು ಕೋಲಿನಿಂದ ಒಂದೊಂದೇ ಎಲೆ ಕೆದಕುತ್ತಿದ್ದರು, ಎರಡು ಹಸು ಬಂದು ಪಕ್ಕದಲ್ಲೇ ನಿಂತಿದ್ದವು. ಕೆಂಪಗೆ ಏನೋ ಕಂಡಾಗಲೆಲ್ಲ ಎದೆ ಹಾರುತ್ತಿತ್ತು. ನೋಡಿದರೆ ಒಗ್ಗರಣೆಯ ಮೆಣಸಿನಕಾಯಿ, ಕೋಸಂಬರಿಯ ದಾಳಿಂಬೆ ಕಾಳು. ಅಮ್ಮ ಆ ಸರವನ್ನು ಕೊನೆಗಾಲದಲ್ಲಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ನಾನು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತೇನೋ, ಎಲ್ಲರೂ ನನ್ನನ್ನು ನೋಡುತ್ತಿದ್ದರು.

ಆಗ ನಾದಿನಿ ಒಂದು ಮಾತು ಅಂದಳು. ಜೋರಾಗಿಯೇನಲ್ಲ. ‘ಎಲೆ ಎತ್ತೋ ಹುಡುಗಿ ಅತ್ತಿಗೆ ಹಿಂದೇನೇ ಓಡಾಡ್ತಿದ್ಲು.’ ಕೆದಕುತ್ತಿದ್ದ ಕೋಲುಗಳು ನಿಂತವು. ಆ ಹುಡುಗಿ ಯಾರೂ ಕೇಳುವ ಮೊದಲೇ ತನ್ನ ಚೀಲ ತಂದು ನನ್ನ ಮುಂದೆ ನೆಲದ ಮೇಲೆ ಸುರಿದಳು. ಒಂದು ಬಾಚಣಿಗೆ, ಬಸ್ಸಿನ ಚಿಲ್ಲರೆ, ಪೇಪರಿನಲ್ಲಿ ಸುತ್ತಿದ ಎರಡು ಹೋಳಿಗೆ. ಹೋಳಿಗೆ ಕಂಡಾಗ ಅವಳ ಮುಖ ಕೆಂಪಾಯಿತು, ಅದನ್ನೇ ಕದ್ದಳು ಅಂದುಕೊಂಡಾರು ಎಂದು. ಅಡುಗೆ ಭಟ್ಟರು ಒಲೆಯ ಹತ್ತಿರದಿಂದಲೇ, ‘ಅದು ನಾನು ಕೊಟ್ಟಿದ್ದು’ ಎಂದು ಗದರಿದರು. ಬಂದು ನನ್ನ ಕೈಯಲ್ಲಿದ್ದ ಕೊಂಡಿಯ ಖಾಲಿ ಡಬ್ಬಿ ನೋಡಿದರು. ನಾದಿನಿಗೆ ತೋರಿಸಲೆಂದೇ ಅದನ್ನು ಊರಿಂದ ತಂದಿದ್ದೆ.

‘ಮ್ಯಾಗ್ನೆಟ್ ಏನಮ್ಮಾ ಇದು? ಕಬ್ಬಿಣದ ಕುರ್ಚೀಲಿ ಕೂತಿದ್ರಿ ತಾನೇ?’

ಕುರ್ಚಿಗಳು ಅಷ್ಟು ಹೊತ್ತಿಗೆ ಟೆಂಪೋ ಹತ್ತಿ ಹೋಗಿದ್ದವು. ಶಾಮಿಯಾನದವರ ಗೋಡೌನಿಗೆ ಓಡಿದೆವು. ಪೇರಿಸಿಟ್ಟ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದಂತೆ, ಒಂದರ ಬೆನ್ನಿನ ತಗಡಿನ ಒಳ ಅಂಚಿಗೆ ಕೊಂಡಿಯ ಅರ್ಧ ಉಣ್ಣಿಯ ಹಾಗೆ ಕಚ್ಚಿಕೊಂಡಿತ್ತು. ಸರ ಎರಡು ಕುರ್ಚಿಗಳ ನಡುವೆ ನೇತಾಡುತ್ತಿತ್ತು. ಎರಡು ಹವಳ ಸೀಳಿದ್ದವು.

ಪ್ಲಾಸ್ಟಿಕ್ ಕುರ್ಚಿ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಎದ್ದಾಗ ಒಂದು ತುಂಡನ್ನು ಕಬ್ಬಿಣ ಹಿಡಿದುಕೊಂಡಿದೆ, ಇನ್ನೊಂದು ಪಕ್ಕಕ್ಕೆ ಜಾರಿ ಬಿಟ್ಟುಕೊಟ್ಟಿದೆ. ಇದರಲ್ಲಿ ಕೊಂಡಿಯ ತಪ್ಪೇನು, ಆ ಹುಡುಗಿಯ ತಪ್ಪೇನು? ನಾದಿನಿ ಅವಳಿಗೆ ಸೀರೆ ಕೊಟ್ಟು ಕಳಿಸಿದಳು. ‘ತಪ್ಪಾಯ್ತಮ್ಮಾ’ ಅನ್ನಲಿಲ್ಲ.

ಹಾಕಿಸಿಕೊಳ್ಳುವವರು ಕೇಳಿ. ಬರೀ ಚಪ್ಪಟೆ ತುಂಡುಗಳು ಬೇಡ. ಒಂದರ ಅಂಚು ಇನ್ನೊಂದರೊಳಗೆ ಕೂತು ಲಾಕ್ ಆಗುವಂಥದ್ದೇ ಇರಲಿ, ಅದು ಪಕ್ಕಕ್ಕೆ ಜಾರುವುದಿಲ್ಲ. ಅದರ ಮೇಲೂ ಒಂದು ಸೇಫ್ಟಿ ಚೈನ್, ತಲೆ ತೂರುವಷ್ಟು ಉದ್ದದ್ದು. ಈಗ ನನ್ನದಕ್ಕೆ ಎರಡೂ ಇವೆ. ಸೆರಗಿಗೆ ಹಾಕುವ ಪಿನ್ನನ್ನು ಭುಜದ ತುದಿಗೆ ಹಾಕಿ. ಕತ್ತಿನ ಹತ್ತಿರ ಹಾಕಿದರೆ ಕೊಂಡಿ ತಿರುಗಿ ಹೋಗಿ ಅದನ್ನೇ ಹಿಡಿಯುತ್ತದೆ.

ಈ ಮ್ಯಾಗ್ನೆಟ್ ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿದ್ದು. ಸಾಮಾನ್ಯ ದರ್ಜೆಯದು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಚಿನ್ನದ ಸರವನ್ನು ಅಂಟುವಾಳದ ನೀರಿನಲ್ಲಿ ಕುದಿಸುವ ಅಭ್ಯಾಸ ಇದ್ದವರು ಕೊಂಡಿ ಬಿಚ್ಚಿಟ್ಟು ಕುದಿಸಿ. ಅಕ್ಕಸಾಲಿಗರ ಹತ್ತಿರ ಬೆಸುಗೆಗೆ ಕೊಡುವಾಗಲೂ ಅಷ್ಟೆ.

ಪೇಸ್‌ಮೇಕರ್ ಇರುವವರಿಗೆ ಇದು ಬೇಡವೇ ಬೇಡ. ಮ್ಯಾಗ್ನೆಟ್ಟನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ ಅನ್ನುತ್ತಾರೆ. ಕೊಂಡಿ ಕತ್ತಿನ ಹಿಂದೆ ಇರುತ್ತದಲ್ಲ ಎಂದು ವಾದಿಸಬೇಡಿ, ಸರ ತಿರುಗಿ ಕೊಂಡಿ ಎದೆಗೆ ಬರುವುದು ಎಷ್ಟು ಸಲ ಎಂದು ಸರ ಹಾಕುವವರಿಗೆ ಗೊತ್ತು. ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಕಡ್ಡಾಯವಾಗಿ ತೆಗೆಯಿರಿ. ಮೊಮ್ಮಕ್ಕಳಿರುವ ಮನೆಯಲ್ಲಿ ಬಿಡಿ ತುಂಡುಗಳನ್ನು ಟೇಬಲ್ಲಿನ ಮೇಲೆ ಇಡಬೇಡಿ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಎರಡನೆಯ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಚಿನ್ನಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ, ಕೊಂಡಿಯೊಳಗೆ ಇರುವುದೇ ಮ್ಯಾಗ್ನೆಟ್. ಅದು ಚಿನ್ನವಲ್ಲ, ಆದ್ದರಿಂದ ಅದಕ್ಕೆ ಚಿನ್ನದ ರೇಟು ಕೊಡಬೇಡಿ. ಕೊಂಡಿಯ ತೂಕವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ. ನಾಳೆ ಸರ ಬದಲಾಯಿಸಲು ಹೋದರೆ ಅದರ ತೂಕ ಕಳೆಯುವುದನ್ನು ಅಂಗಡಿಯವರು ಮರೆಯುವುದಿಲ್ಲ. ನನ್ನ ಅಂಗಡಿಯವನು ಸೇಫ್ಟಿ ಚೈನಿಗೆ ಬೇರೆ ದುಡ್ಡು ಇಸಿದುಕೊಂಡ. ‘ಮೊದಲೇ ಕೇಳಿದ್ರೆ ಹಾಕಿಕೊಡ್ತಿದ್ದೆ ಮೇಡಂ’ ಅಂತಾನೆ.